ಕುಷ್ಠ, ಭಯ ಮತ್ತು ಫಾದರ್ ಮುಲ್ಲರ್

ಕಾಮೋಠೆಯ ನಮ್ಮ ಬಿಲ್ಡಿಂಗಿನಲ್ಲಿ, ಎರಡು ಮಹಡಿ ಕೆಳಗೆ, ಮಂಗಳೂರು ಕಡೆಯ ಒಬ್ಬರು ಬಾಯಮ್ಮ ಇದ್ದಾರೆ. (ತುಳುನಾಡಿನಲ್ಲಿ ಕ್ರಿಶ್ಚನ್ ಹೆಂಗಸರನ್ನು ನಾವು ಕರೆಯುವುದೇ ಹಾಗೆ.) ಅವರು ಚಿಕ್ಕವರಿದ್ದಾಗ ಇಗರ್ಜಿಯ ಶೆರ್ಮಾಂವಿನಲ್ಲಿ ಪಾದ್ರಿಗಳು ಪಾಪವನ್ನು ಕುಷ್ಠಕ್ಕೆ ಹೋಲಿಸುತ್ತಿದ್ದರಂತೆ. "ಏನಾದರೂ ಸುಳ್ಳು ಹೇಳಿದ ದಿನ ರಾತ್ರಿ ಬೆರಳುಗಳನ್ನು ಮುಟ್ಟಿ ನೋಡಿಕೊಂಡು ಮಲಗುತ್ತಿದ್ದೆ ಮಾರಾಯ್ರೆ" ಅಂತ ಈಗ ನಗುತ್ತಾರೆ. ಅದೇ ಬಾಯಮ್ಮ ನಗು ಮುಗಿಯುವ ಮೊದಲೇ "ಆದರೆ ನಮ್ಮ ಕಂಕನಾಡಿಯ ಫಾದರ್ ಮುಲ್ಲರ್ ಇದ್ದರಲ್ಲ..." ಎಂದು ಶುರುಮಾಡುತ್ತಾರೆ. ಒಂದೇ ಧರ್ಮದೊಳಗೆ ಈ ಹೆದರಿಕೆಯೂ ಆ ಕರುಣೆಯೂ ಹೇಗೆ ಜೊತೆಗಿದ್ದವು ಅಂತ ನೋಡಲು ಹೊರಟರೆ, ಕುಷ್ಠದ ಚರಿತ್ರೆಗಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಎರಡೂ ಬೈಬಲಿನಲ್ಲೇ ಇವೆ ನೋಡಿ. ಯಾಜಕಕಾಂಡದ 13ನೇ ಅಧ್ಯಾಯದ ಪ್ರಕಾರ ಅಂಥ ರೋಗಿ ಹರಿದ ಬಟ್ಟೆ ತೊಟ್ಟು, ತಾನು ಅಶುದ್ಧ ಎಂದು ಕೂಗಿಕೊಳ್ಳುತ್ತ, ಪಾಳೆಯದ ಹೊರಗೆ ಒಂಟಿಯಾಗಿರಬೇಕು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಅಂಥವನೊಬ್ಬನನ್ನು ಕೈಚಾಚಿ ಮುಟ್ಟುತ್ತಾನೆ. ಗುಣಪಡಿಸಿದ್ದಕ್ಕಿಂತ ಮುಟ್ಟಿದ್ದೇ ದೊಡ್ಡದೆಂದು ನನಗನಿಸುತ್ತದೆ. ಮುಂದೆ ಸಭೆ ಎರಡನ್ನೂ ಹೊತ್ತುಕೊಂಡು ನಡೆಯಿತು. 1179ರ ಮೂರನೇ ಲ್ಯಾಟರನ್ ಮಹಾಸಭೆ, ಕುಷ್ಠರೋಗಿಗಳಿಗೆ ಅವರದೇ ಇಗರ್ಜಿ, ಅವರದೇ ಪಾದ್ರಿ, ಅವರದೇ ಸ್ಮಶಾನ ಇರಲು ಬಿಡಬೇಕೆಂದು ವಿಧಿಸಿತು. ಅದುವರೆಗೆ ಅಷ್ಟನ್ನೂ ಕೊಡದ ಗುರುಗಳನ್ನು ಅದು ಗದರಿದ್ದೂ ನಿಜ. ಆದರೆ ಕೊಟ್ಟದ್ದು ಪ್ರತ್ಯೇಕವಾಗಿಯೇ. ಇದನ್ನು ದಯೆ ಅನ್ನೋಣವೋ, ಬೇಲಿ ಅನ್ನೋಣವೋ?

ಇನ್ನು ನಮ್ಮ ಹತ್ತಿರದ ಕಾಲಕ್ಕೆ ಬರೋಣ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದ. ಅದೇ ವರ್ಷ ಬೆಲ್ಜಿಯಮ್ಮಿನ ಫಾದರ್ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪದ ರೋಗಿಗಳ ನಡುವೆ ಇರಲು ಹೋದರು. ಅವರಿಗೂ ರೋಗ ತಗಲಿ 1889ರ ಏಪ್ರಿಲಿನಲ್ಲಿ ತೀರಿಕೊಂಡರು. ವಿಚಿತ್ರ ನೋಡಿ, ಆ ಸಾವಿನಿಂದ ಇಂಗ್ಲೆಂಡಿನಲ್ಲಿ ಕುಷ್ಠರೋಗಿಗಳಿಗಾಗಿ ನಿಧಿಯೂ ಕೂಡಿತು, ಈ ರೋಗ ಸಾಮ್ರಾಜ್ಯವನ್ನೆಲ್ಲ ಹಬ್ಬೀತೆಂಬ ದಿಗಿಲೂ ಹುಟ್ಟಿತು. ಪಾದ್ರಿಯೊಬ್ಬರ ಕರುಣೆಯೇ ಇತರರ ಭಯಕ್ಕೆ ಸಾಕ್ಷಿಯಾಯಿತು.

ಮರುವರ್ಷ 1890ರಲ್ಲಿ ನಮ್ಮ ಈ ಕರಾವಳಿಯಲ್ಲಿ ಎರಡು ಆಶ್ರಮಗಳು ತೆರೆದವು. ಒಂದು ಮುಂಬಯಿಯ ಮಾಟುಂಗಾದಲ್ಲಿ, ಮುನಿಸಿಪಲ್ ಕಮಿಷನರ್ ಆ್ಯಕ್ವರ್ತ್ ಸಾಹೇಬರು ಕಟ್ಟಿಸಿದ, ಮನೆಯಿಲ್ಲದ ಕುಷ್ಠರೋಗಿಗಳ ಆಶ್ರಮ. ಮಾನಸರೋವರ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿ ವಡಾಲಾದಲ್ಲಿ ಇಳಿದರೆ ಅವರ ಹೆಸರಿನ ಆಸ್ಪತ್ರೆ ಈಗಲೂ ಇದೆ. (ಇದೇ ಸಾಹೇಬರು ಮರಾಠಿ ಪೋವಾಡಗಳನ್ನು ಇಂಗ್ಲಿಷಿಗೆ ತಂದವರು.) ಬೀದಿಗಳಲ್ಲಿ ರೋಗಿಗಳು ಕಾಣಿಸಬಾರದು ಎಂಬ ಊರಿನ ಒತ್ತಾಯವೂ ಅದರ ಹಿಂದಿತ್ತು.

ಇನ್ನೊಂದು ಮಂಗಳೂರಿನ ಕಂಕನಾಡಿ ಗುಡ್ಡದಲ್ಲಿ. ಜರ್ಮನಿಯಲ್ಲಿ 1841ರಲ್ಲಿ ಹುಟ್ಟಿದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದಿದ್ದರು. ಬಂದದ್ದು ಪಾಠ ಹೇಳಲಿಕ್ಕೆ. ಹೋಮಿಯೋಪಥಿ ಗೊತ್ತಿದ್ದದ್ದರಿಂದ 1880ರಲ್ಲಿ ಆಲದ ಮರದ ಕೆಳಗೆ ಬಡವರಿಗೆ ಔಷಧಿ ಕೊಡತೊಡಗಿದರು. ಹತ್ತು ವರ್ಷದ ಮೇಲೆ ಸಂತ ಜೋಸೆಫರ ಹೆಸರಿನ ಕುಷ್ಠಾಶ್ರಮ ತೆರೆದರು. 1902ರಲ್ಲಿ ಮಂಗಳೂರಿಗೆ ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ಮಾಡಿದರು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ತೀರಿಕೊಂಡರು. ಅವರ ಹೆಸರಿನ ಮೆಡಿಕಲ್ ಕಾಲೇಜು ನಮ್ಮ ಕಡೆಯವರಿಗೆಲ್ಲ ಗೊತ್ತು.

ಅವರ ಸಕ್ಕರೆ ಗುಳಿಗೆಯಿಂದ ಕುಷ್ಠ ವಾಸಿಯಾಯಿತೆಂದು ನಾನು ಹೇಳಲಾರೆ. ಆ ರೋಗಕ್ಕೆ ನಿಜವಾದ ಔಷಧಿ, ಸಲ್ಫೋನ್ ಜಾತಿಯದು, ಬಂದದ್ದು 1940ರ ದಶಕದಲ್ಲಿ. ಅದಕ್ಕೆ ಮುಂಚೆ ಕುಷ್ಠಾಶ್ರಮ ಎಂದರೆ ಹುಣ್ಣು ತೊಳೆಯುವುದು, ಬಟ್ಟೆ ಕಟ್ಟುವುದು, ಊಟ ಹಾಕುವುದು, ಸತ್ತರೆ ಮಣ್ಣು ಮಾಡುವುದು. "ದೊಡ್ಡ ರೋಗ" ಎಂದು ಹೆಸರು ಹೇಳಲೂ ಹೆದರುತ್ತಿದ್ದ ಕಾಲದಲ್ಲಿ, ಸ್ವಂತ ಮನೆಯವರೇ ಹಿತ್ತಲಿನ ಕೊಟ್ಟಿಗೆಗೆ ತಳ್ಳಿದವನಿಗೆ ಅದು ಸಣ್ಣ ಸಂಗತಿಯಲ್ಲ. ಆದರೂ ಒಂದು ಮಾತು ಒಪ್ಪಬೇಕು: ಕಂಕನಾಡಿಯಲ್ಲೂ ರೋಗಿ ಇದ್ದದ್ದು ಊರಿನಿಂದ ಬೇರೆಯಾಗಿಯೇ. ಆಶ್ರಮಕ್ಕೆ ದಾನ ಕೊಟ್ಟವರಲ್ಲಿ ಎಷ್ಟು ಜನ ಭಾನುವಾರ ಅವನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರೋ!

ಭಯಕ್ಕೆ ಆಧಾರ ಕಡಿಮೆ ಎಂಬುದು ಆಗಲೇ ತಿಳಿದಿತ್ತು ಎನ್ನುವುದು ಇನ್ನೂ ಬೇಸರದ ವಿಷಯ. ಡೇಮಿಯನ್ ನೆನಪಿನ ನಿಧಿಯಿಂದಲೇ 1890-91ರಲ್ಲಿ ಭಾರತಕ್ಕೆ ಬಂದ ಕುಷ್ಠ ಆಯೋಗ, ರೋಗ ಸುಲಭಕ್ಕೆ ಅಂಟುವುದಿಲ್ಲ, ಬಲವಂತದಿಂದ ಬೇರ್ಪಡಿಸಬೇಕಾಗಿಲ್ಲ ಎಂಬ ಅಭಿಪ್ರಾಯ ಕೊಟ್ಟಿತು. ಆದರೆ 1898ರಲ್ಲಿ ಬಂದ ಕುಷ್ಠರೋಗಿಗಳ ಕಾಯಿದೆ, ನಿರ್ಗತಿಕ ರೋಗಿಯನ್ನು ಪೊಲೀಸರು ಹಿಡಿದು ಆಶ್ರಮಕ್ಕೆ ಸೇರಿಸಬಹುದೆಂದಿತು.

ಈ ಸರಣಿ ಅಲ್ಲಿಗೂ ನಿಲ್ಲಲಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ ಹೆಂಗಸರಿಗೆ ಬಹಳ ಅನ್ಯಾಯವಿತ್ತು. 2001ರಲ್ಲಿ ಅದನ್ನು ತಿದ್ದಿ ಗಂಡ ಹೆಂಡತಿಗೆ ಸಮನಾದ ಆಧಾರಗಳನ್ನು ಕೊಟ್ಟರು, ಒಳ್ಳೆಯದೇ ಆಯಿತು. ಆ ಆಧಾರಗಳ ಸಾಲಿನಲ್ಲಿ ಕುಷ್ಠವನ್ನೂ ಹೊಸದಾಗಿ ಸೇರಿಸಿದರು! ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಿಗಳ ಕೂಡು ಚಿಕಿತ್ಸೆಯನ್ನು 1981ರಲ್ಲೇ ಶಿಫಾರಸು ಮಾಡಿ, ಪೂರ್ತಿ ಗುಣವಾಗುವ ಕಾಯಿಲೆ ಅದಾಗಿ ಇಪ್ಪತ್ತು ವರ್ಷ ಕಳೆದಿತ್ತು. ಆ ಸಾಲನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಹಿಂದೂ ವಿವಾಹ ಕಾಯಿದೆಯಿಂದಲೂ ಆಗಲೇ.