ಕಾಣದ ಮೃಗದ ಭಯ

ಭಯಾನಕವೆಂದು ಹೆಸರಾದ ಚಲನಚಿತ್ರಗಳೆಲ್ಲವೂ ಭಯವನ್ನು ಹುಟ್ಟಿಸುವುದಿಲ್ಲ. ನಿಜವಾಗಿ ಹೆದರಿಸುವ ಚಿತ್ರವನ್ನು ಗುರುತಿಸುವ ಬಗೆ ಯಾವುದು? ಹಾಲಿವುಡ್ಡಿನ ಒಂದು ನಿದರ್ಶನದಿಂದ ಇದನ್ನು ಪರಿಶೀಲಿಸೋಣ.

1931ರಲ್ಲಿ ಯೂನಿವರ್ಸಲ್ ಸಂಸ್ಥೆಯು ‘ಡ್ರಾಕುಲಾ’, ‘ಫ್ರಾಂಕನ್‌ಸ್ಟೈನ್’ ಚಿತ್ರಗಳನ್ನು ಹೊರತಂದಿತು. ಭಯಕಾರಕ ವ್ಯಕ್ತಿಯನ್ನು ಕಣ್ಣೆದುರಿಗೆ ನಿಲ್ಲಿಸುವುದು ಅವುಗಳ ಕ್ರಮ. ಆದರೆ ಪದೇ ಪದೇ ಕಂಡ ರೂಪ ಪರಿಚಿತವಾಗುತ್ತದೆ, ಪರಿಚಿತವಾದುದು ಹೆದರಿಸಲಾರದು.

1942ರಲ್ಲಿ ಆರ್.ಕೆ.ಓ. ಸಂಸ್ಥೆಯು ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಇಂತಹ ಚಿತ್ರಗಳ ಹೊಣೆಯನ್ನು ವಹಿಸಿತು. ಒದಗಿಸಿದ ಹಣ ಸ್ವಲ್ಪ. ಚಿತ್ರದ ಹೆಸರನ್ನು ಕೂಡ ಸಂಸ್ಥೆಯೇ ಗೊತ್ತುಮಾಡುತ್ತಿತ್ತು. ಆ ವರ್ಷವೇ ತೆರೆಕಂಡ ‘ಕ್ಯಾಟ್ ಪೀಪಲ್’ ಚಿತ್ರದ ನಿರ್ದೇಶಕ ಜಾಕ್ ಟೂರ್ನರ್. ತಾನು ಚಿರತೆಯಾಗಿ ಮಾರ್ಪಡುವೆನೆಂದು ಅಂಜುವ ಹೆಣ್ಣೊಬ್ಬಳ ಕಥೆಯದು. ಈಜುಕೊಳದ ದೃಶ್ಯದಲ್ಲಿ ಕಾಣುವುದು ಗೋಡೆಯ ಮೇಲೆ ಅಲುಗುವ ನೀರಿನ ಬೆಳಕು, ನೆರಳು. ಕೇಳುವುದು ಮೃಗದ ಗುರುಗುಟ್ಟುವಿಕೆ. ನಿರ್ಜನ ಬೀದಿಯಲ್ಲಿ ಹಿಂಬಾಲಿಸುವ ಹೆಜ್ಜೆಯ ಸದ್ದು ನಿಂತಾಗಲೇ ಭಯ ಇಮ್ಮಡಿಸುತ್ತದೆ. ಆಗ ಬುಸುಗುಟ್ಟುತ್ತ ಬಂದು ನಿಲ್ಲುವುದಾದರೋ ಒಂದು ಬಸ್ಸು! ಭಯಾನಕರಸದ ವಿಭಾವಗಳಲ್ಲಿ ಭರತನು ವಿಕೃತಧ್ವನಿಯನ್ನೂ ಶೂನ್ಯಗೃಹವನ್ನೂ ಹೇಳಿರುವುದು ಇಲ್ಲಿ ಸ್ಮರಣೀಯ.

ಈ ಸಂಯಮಕ್ಕೆ ಹಣದ ಕೊರತೆಯೇ ಕಾರಣವೆನ್ನಬಹುದೆ? ನಾವು ಪೂರ್ಣವಾಗಿ ಒಪ್ಪಲಾರೆವು. 1940ರ ‘ದಿ ಡೆವಿಲ್ ಬ್ಯಾಟ್’ ಚಿತ್ರವೂ ಅಲ್ಪವೆಚ್ಚದಲ್ಲಿ ತಯಾರಾದುದೇ. ಆದರೂ ಅದರಲ್ಲಿ ದೈತ್ಯಬಾವಲಿಯನ್ನು ಮರೆಮಾಡದೆ ತೋರಿಸಿದ್ದಾರೆ. ಬಡತನವು ಅವಕಾಶವನ್ನು ಒದಗಿಸಿತು, ಆಯ್ಕೆ ಕಲಾವಿದರದು. ಆದುದರಿಂದ ನಿಜವಾದ ಭಯವನ್ನರಸುವ ವಿದ್ಯಾರ್ಥಿಯು, ಚಿತ್ರದಲ್ಲಿ ಏನನ್ನು ತೋರಿಸಿದ್ದಾರೆ ಎಂಬುದಕ್ಕಿಂತ ಏನನ್ನು ತೋರಿಸದೆ ಬಿಟ್ಟಿದ್ದಾರೆ ಎಂಬುದನ್ನು ಮೊದಲು ಗಮನಿಸಬೇಕು.