ಬೈಬಲ್ಲಿನ ಜೋಡಣೆಯಲ್ಲಿ ಸಂಕೇತ ವಿನ್ಯಾಸಗಳು

ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್ ಹಲವು ಪುಸ್ತಕಗಳ ಸಂಪುಟ. ಬೇರೆ ಬೇರೆ ಶತಮಾನಗಳಲ್ಲಿ ಹೀಬ್ರೂ, ಅರಮಾಯಿಕ್ ಮತ್ತು ಗ್ರೀಕ್ ಭಾಷೆಗಳಲ್ಲಿ ಹುಟ್ಟಿದ ಬರಹಗಳು ಅದರಲ್ಲಿ ಒಂದು ಕ್ರಮಕ್ಕೆ ಬಂದಿವೆ. ಆ ಕ್ರಮದಲ್ಲಿ, ಪುಸ್ತಕಗಳ ಸಂಖ್ಯೆಯಲ್ಲಿ, ಪದ್ಯಗಳ ಎಣಿಕೆಯಲ್ಲಿ, ವಂಶಾವಳಿಯ ಹೆಸರುಗಳಲ್ಲಿ ಗೂಢಾರ್ಥವಿದೆ ಎಂಬ ನಂಬಿಕೆ ಬಹಳ ಹಳೆಯದು. ಈ ನಂಬಿಕೆಗೆ ಗಟ್ಟಿಯಾದ ಆಧಾರವೂ ಉಂಟು, ಬರಿಯ ಊಹೆಯೂ ಉಂಟು. ಎರಡನ್ನೂ ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಈ ವಿನ್ಯಾಸವನ್ನು ಯಾರು, ಯಾವಾಗ ಇಟ್ಟರು?

ಮೂಲ ಕವಿಗಳೇ ಇಟ್ಟ ವಿನ್ಯಾಸಗಳಲ್ಲಿ ಅಕ್ಷರಮಾಲೆಯದು ಮೊದಲ ಸ್ಥಾನ. ಹೀಬ್ರೂ ಲಿಪಿಯಲ್ಲಿ 22 ಅಕ್ಷರಗಳಿವೆ. 119ನೇ ಕೀರ್ತನೆ 22 ಖಂಡಗಳಾಗಿ ಹರಿಯುತ್ತದೆ. ಪ್ರತಿ ಖಂಡದಲ್ಲಿ 8 ವಚನಗಳಿದ್ದು, ಆ ಎಂಟೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಮುಂದಿನ ಖಂಡಕ್ಕೆ ಮುಂದಿನ ಅಕ್ಷರ. ಒಟ್ಟು 176 ವಚನಗಳು. ದೇವರ ಧರ್ಮಶಾಸ್ತ್ರವನ್ನು ಹೊಗಳಲು ಹೊರಟ ಕವಿ ಭಾಷೆಯ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದನ್ನೂ ಬಿಡದೆ ದುಡಿಸಿಕೊಂಡಿದ್ದಾನೆ. ಜ್ಞಾನೋಕ್ತಿಗಳ ಕೊನೆಯಲ್ಲಿ ಗುಣವತಿಯಾದ ಗೃಹಿಣಿಯನ್ನು ಕೊಂಡಾಡುವ 22 ವಚನಗಳೂ ಇದೇ ಕಟ್ಟಿನವು.

ಈ ತಂತ್ರದ ಅತ್ಯಂತ ಮನಕಲಕುವ ಬಳಕೆ ಇರುವುದು ಪ್ರಲಾಪಗಳಲ್ಲಿ. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಹಾಳುಗೆಡವಿದ ಮೇಲೆ ಹುಟ್ಟಿದ ಐದು ಶೋಕಗೀತೆಗಳಿವು. ಐದು ಅಧ್ಯಾಯಗಳ ವಚನಸಂಖ್ಯೆ ಕ್ರಮವಾಗಿ 22, 22, 66, 22, 22. ಮೊದಲೆರಡು ಅಧ್ಯಾಯಗಳಲ್ಲಿ ಅಕ್ಷರಕ್ಕೊಂದು ವಚನ, ವಚನಕ್ಕೆ ಸಾಮಾನ್ಯವಾಗಿ ಮೂರು ಸಾಲು. ನಡುವಿನ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರು ವಚನ, ಮೂರೂ ಅದೇ ಅಕ್ಷರದಿಂದ ಶುರು. ಕಟ್ಟು ಅಲ್ಲಿ ಅತ್ಯಂತ ಬಿಗಿ, ದೇವರ ಕರುಣೆಯ ಮೇಲೆ ಭರವಸೆ ಕಾಣುವುದೂ ಅಲ್ಲಿಯೇ. ನಾಲ್ಕನೆಯದಕ್ಕೆ ಬಂದಾಗ ವಚನಕ್ಕೆ ಎರಡೇ ಸಾಲು. ಐದನೆಯದರಲ್ಲಿ ವಚನಕ್ಕೆ ಒಂದೇ ಸಾಲು. 22 ವಚನಗಳಿದ್ದರೂ ಅಕ್ಷರಕ್ರಮ ಕಳಚಿಬಿದ್ದಿದೆ. ಅತ್ತು ಅತ್ತು ದನಿ ಉಡುಗಿದವರಂತೆ ಗೀತೆ ಕುಗ್ಗುತ್ತಾ ಹೋಗುತ್ತದೆ. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಸಾಧ್ಯವೇ ಇಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಈ ಪುಸ್ತಕದ 2, 3 ಮತ್ತು 4ನೇ ಅಧ್ಯಾಯಗಳಲ್ಲಿ ‘ಅಯಿನ್’ ಅಕ್ಷರಕ್ಕಿಂತ ಮೊದಲು ‘ಪೇ’ ಬರುತ್ತದೆ, ಅಂದರೆ ಇಂದಿನ ಕ್ರಮಕ್ಕೆ ತಿರುವುಮುರುವು. ಇದು ನಕಲುಗಾರರ ತಪ್ಪಿರಬೇಕೆಂದು ಯಾರಿಗಾದರೂ ಅನ್ನಿಸೀತು. ಆದರೆ ಇಸ್ರೇಲಿನ ಇಜ್ಬೆತ್ ಸರ್ತಾದಲ್ಲಿ 1976ರಲ್ಲಿ ಸಿಕ್ಕ ಮಡಕೆ ಚೂರಿನ ಮೇಲೆ ಯಾರೋ ತಿದ್ದಿದ ಅಕ್ಷರಮಾಲೆಯಲ್ಲೂ ‘ಪೇ’ಯೇ ಮೊದಲು. ಕವಿ ಕಲಿತ ಅಕ್ಷರಕ್ರಮವೇ ಹಾಗಿತ್ತು ಎಂಬುದಕ್ಕೆ ಇದು ಒಳ್ಳೆಯ ಆಧಾರ.

22ರ ಸೆಳೆತ ಪದ್ಯಗಳಿಗಷ್ಟೇ ನಿಲ್ಲಲಿಲ್ಲ. ಯೆಹೂದ್ಯರ ಪವಿತ್ರ ಪುಸ್ತಕಗಳು 22 ಎಂದು ಮೊದಲನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಈ ಸಂಖ್ಯೆಯನ್ನು 22 ಅಕ್ಷರಗಳಿಗೆ ನೇರವಾಗಿ ಜೋಡಿಸಿದ. ಹನ್ನೆರಡು ಕಿರಿಯ ಪ್ರವಾದಿಗಳನ್ನು ಒಂದೇ ಪುಸ್ತಕವೆಂದು ಹಿಡಿದು, ರೂತಳನ್ನು ನ್ಯಾಯಸ್ಥಾಪಕರಿಗೂ ಪ್ರಲಾಪಗಳನ್ನು ಯೆರೆಮೀಯನಿಗೂ ಸೇರಿಸಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಯೆಹೂದ್ಯರಲ್ಲಿ ನೆಲೆನಿಂತ ಎಣಿಕೆಯಾದರೋ 24. ಪುಸ್ತಕಗಳು ಅವೇ, ಕಟ್ಟುವ ರೀತಿ ಬೇರೆ.

ಹೊಸ ಒಡಂಬಡಿಕೆಯಲ್ಲಿ ಉದ್ದೇಶಪೂರ್ವಕವಾದ ಎಣಿಕೆ ಮೊದಲ ಪುಟದಲ್ಲೇ ಎದುರಾಗುತ್ತದೆ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14 ಎಂದು ಮೊದಲ ಸುವಾರ್ತೆಯ ಲೇಖಕ ಮತ್ತಾಯ ತಾನೇ ಲೆಕ್ಕ ಒಪ್ಪಿಸುತ್ತಾನೆ. ಈ ಲೆಕ್ಕ ಕೂಡಿಸಲು ಯೋರಾಮನ ನಂತರದ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಬಿಟ್ಟಿದ್ದಾನೆ. ಪೂರ್ವಕಾಲವೃತ್ತಾಂತದ ವಂಶಾವಳಿಯಲ್ಲಿ ಆ ಮೂವರೂ ಇದ್ದಾರೆ. 14 ಯಾಕೆ? ಹೀಬ್ರೂ ಅಕ್ಷರಗಳಿಗೆ ಸಂಖ್ಯಾಬೆಲೆಯೂ ಇದೆ. ದಾವೀದನ ಹೆಸರಿನ ಮೂರು ಅಕ್ಷರಗಳ ಬೆಲೆ 4, 6, 4, ಕೂಡಿದರೆ 14. ಯೇಸು ದಾವೀದನ ಕುಮಾರನೆಂದು ಸಾರಲು ಹೊರಟ ಲೇಖಕನಿಗೆ ಈ ಸಂಖ್ಯೆ ಹೇಳಿಮಾಡಿಸಿದಂತಿತ್ತು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಇದೇ ಸುವಾರ್ತೆಯಲ್ಲಿ ಯೇಸುವಿನ ಐದು ದೀರ್ಘ ಉಪದೇಶಗಳಿವೆ. ಪ್ರತಿಯೊಂದರ ಕೊನೆಗೂ, ಅವನು ಹೇಳಿ ಮುಗಿಸಿದಾಗ ಹೀಗಾಯಿತು ಎಂಬ ಅರ್ಥದ ಒಂದೇ ಬಗೆಯ ವಾಕ್ಯ ಬರುತ್ತದೆ. ಮೋಶೆಯ ಐದು ಪುಸ್ತಕಗಳಿಗೆ ಇದು ಸಾಟಿಯೆಂದು ಅಮೆರಿಕದ ವಿದ್ವಾಂಸ ಬಿ. ಡಬ್ಲ್ಯು. ಬೇಕನ್ 1930ರಲ್ಲಿ ವಾದಿಸಿದರು. ಕೀರ್ತನೆಗಳ 150 ಹಾಡುಗಳೂ ಐದು ಭಾಗಗಳಾಗಿವೆ. 41, 72, 89 ಮತ್ತು 106ನೇ ಕೀರ್ತನೆಗಳ ಕೊನೆಯ ಸ್ತುತಿವಾಕ್ಯಗಳು ಮೊದಲ ನಾಲ್ಕು ಭಾಗಗಳಿಗೆ ಎಲ್ಲೆಕಲ್ಲುಗಳು. ಪ್ರಕಟನೆ ಗ್ರಂಥದ ಏಳರ ಮೋಹವಂತೂ ಮೇಲ್ನೋಟಕ್ಕೇ ಕಾಣುತ್ತದೆ: ಏಳು ಸಭೆ, ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ.

ಸುವಾರ್ತೆಗಳು ನಾಲ್ಕೇ ಯಾಕೆ ಎಂಬ ಪ್ರಶ್ನೆಗೆ ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಕ್ರೈಸ್ತ ಬಿಷಪ್ ಐರೇನಿಯಸ್ ಉತ್ತರ ಕೊಟ್ಟಿದ್ದ: ದಿಕ್ಕುಗಳು ನಾಲ್ಕು, ಗಾಳಿಗಳು ನಾಲ್ಕು, ದೇವರ ಸಿಂಹಾಸನದ ಬಳಿಯ ಜೀವಿಗಳೂ ನಾಲ್ಕು. ಅವನ ಪಟ್ಟಿಯಲ್ಲಿ ಸಿಂಹ ಯೋಹಾನನಿಗೆ, ಹದ್ದು ಮಾರ್ಕನಿಗೆ. ಜೆರೋಮ್ ಇವೆರಡನ್ನೂ ಅದಲುಬದಲು ಮಾಡಿದ. ಚರ್ಚುಗಳ ಚಿತ್ರಗಳಲ್ಲಿ ಉಳಿದದ್ದು ಅವನ ಜೋಡಣೆ. ನಾಲ್ಕು ಸುವಾರ್ತೆಗಳು ಮೊದಲೇ ಸಭೆಗಳಲ್ಲಿ ನೆಲೆಯೂರಿದ್ದವು. ಸಂಕೇತ ಆಮೇಲೆ ಬಂದ ವ್ಯಾಖ್ಯಾನ. ಪೌಲನ ಪತ್ರಗಳ ಕ್ರಮಕ್ಕೂ ಗೂಢಾರ್ಥ ಹುಡುಕಿದವರಿದ್ದಾರೆ. ಸಭೆಗಳಿಗೆ ಬರೆದವು ಮೊದಲು, ವ್ಯಕ್ತಿಗಳಿಗೆ ಬರೆದವು ಆಮೇಲೆ. ಎರಡು ಗುಂಪುಗಳಲ್ಲೂ ಸರಿಸುಮಾರು ಉದ್ದದ್ದು ಮುಂದೆ, ಗಿಡ್ಡದ್ದು ಹಿಂದೆ. ರೋಮಾಪುರದವರಿಗೆ ಬರೆದದ್ದು ಮುಂಚೂಣಿಯಲ್ಲಿರುವುದಕ್ಕೆ ಅದರ ಉದ್ದವೇ ಕಾರಣ.

ಜನಪ್ರಿಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಾದವನ್ನು ಇಲ್ಲಿ ಪರೀಕ್ಷಿಸಲೇಬೇಕು. ಯೆಶಾಯನ ಗ್ರಂಥದಲ್ಲಿ 66 ಅಧ್ಯಾಯ, ಬೈಬಲ್ಲಿನಲ್ಲಿ 66 ಪುಸ್ತಕ. ಯೆಶಾಯ 39ರ ನಂತರ ಧಾಟಿ ಬದಲಾಗುತ್ತದೆ, ಹಳೆಯ ಒಡಂಬಡಿಕೆಯ ಪುಸ್ತಕಗಳೂ 39. ಕೇಳಲು ಬೆರಗು ಹುಟ್ಟಿಸುವ ಮಾತು. ಆದರೆ 66 ಎಂಬುದು ಪ್ರೊಟೆಸ್ಟೆಂಟರ ಲೆಕ್ಕ. ಕಥೋಲಿಕರ ಬೈಬಲ್ಲಿನಲ್ಲಿ 73 ಪುಸ್ತಕಗಳಿವೆ. ಇಂದಿನ ಅಧ್ಯಾಯ ವಿಭಾಗಗಳಾದರೋ 13ನೇ ಶತಮಾನದ ಆರಂಭದವು. ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದ, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಸ್ಟೀಫನ್ ಲ್ಯಾಂಗ್ಟನ್ ಅವುಗಳ ಕರ್ತೃವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಕೊಟ್ಟವನು ಮುದ್ರಕ ರಾಬರ್ಟ್ ಎತಿಯೆನ್, 1551ರಲ್ಲಿ. ಮೃತ ಸಮುದ್ರದ ಬಳಿ 1947ರಲ್ಲಿ ಸಿಕ್ಕ ಯೆಶಾಯನ ಚರ್ಮಸುರುಳಿಯಲ್ಲಿ 40ನೇ ಅಧ್ಯಾಯವೆಂದು ನಾವು ಕರೆಯುವ ಭಾಗ ಒಂದು ಅಂಕಣದ ಕಟ್ಟಕಡೆಯ ಸಾಲಿನಲ್ಲಿ ಶುರುವಾಗುತ್ತದೆ. ಅಲ್ಲಿ ಗ್ರಂಥ ಎರಡಾಗುತ್ತದೆಂದು ಆ ಲಿಪಿಕಾರ ಬಗೆದಿದ್ದರೆ ಹೊಸ ಅಂಕಣಕ್ಕೆ ಹೋಗಬಹುದಿತ್ತು.

ಬೈಬಲ್ಲಿನ ನಟ್ಟನಡುವಿನ ಅಧ್ಯಾಯ 118ನೇ ಕೀರ್ತನೆ ಎಂಬ ಪ್ರಚಾರವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಪ್ರೊಟೆಸ್ಟೆಂಟ್ ಬೈಬಲ್ಲಿನ 1,189 ಅಧ್ಯಾಯಗಳಲ್ಲಿ ನಡುವಿನದು 595ನೆಯದು, ಅದು 117ನೇ ಕೀರ್ತನೆ.

ಅಧ್ಯಾಯ ವಿಭಾಗ ಕೆಲವೆಡೆ ಮೂಲ ವಿನ್ಯಾಸವನ್ನೇ ಕಡಿದಿದೆ. ಆದಿಕಾಂಡದ ಸೃಷ್ಟಿವರ್ಣನೆ ಏಳು ದಿನಗಳದು. ಮೊದಲ ದಿನ ಬೆಳಕು, ನಾಲ್ಕನೆಯ ದಿನ ಸೂರ್ಯಚಂದ್ರರು. ಎರಡನೆಯ ದಿನ ಆಕಾಶ ಮತ್ತು ನೀರು, ಐದನೆಯ ದಿನ ಹಕ್ಕಿ ಮತ್ತು ಮೀನು. ಮೂರನೆಯ ದಿನ ನೆಲ, ಆರನೆಯ ದಿನ ಪ್ರಾಣಿಗಳು ಮತ್ತು ಮನುಷ್ಯ. ಈ ಜೋಡಿಗಳಿಗೆ ಶಿಖರವಾಗಿ ವಿಶ್ರಾಂತಿಯ ಏಳನೆಯ ದಿನ. ಅಧ್ಯಾಯ ಒಡೆದವರು ಆ ಏಳನೆಯ ದಿನವನ್ನು ಎರಡನೇ ಅಧ್ಯಾಯಕ್ಕೆ ತಳ್ಳಿದರು.

ಕವಿಗಳೇ ಇಟ್ಟ ವಿನ್ಯಾಸದಿಂದ ಪಾಠಶೋಧನೆಗೂ ಉಪಕಾರವಾಗಿದೆ. 145ನೇ ಕೀರ್ತನೆ ಅಕ್ಷರಕ್ರಮದ ಹಾಡು. ಆದರೂ ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ವಚನಗಳು 21 ಮಾತ್ರ, ‘ನೂನ್’ ಅಕ್ಷರದ ಸಾಲಿಲ್ಲ. ಹಳೆಯ ಗ್ರೀಕ್ ಅನುವಾದದಲ್ಲಿ ಆ ಜಾಗದಲ್ಲಿ ಒಂದು ಸಾಲು ಹೆಚ್ಚಿಗಿತ್ತು. 1956ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ ಗುಹೆಯೊಂದರಲ್ಲಿ ಸಿಕ್ಕ ಕೀರ್ತನೆಗಳ ಸುರುಳಿಯಲ್ಲಿ ‘ನೂನ್’ನಿಂದ ಶುರುವಾಗುವ ಸಾಲು ಹೀಬ್ರೂವಿನಲ್ಲೇ ದೊರೆಯಿತು. ಇಂದಿನ ಅನೇಕ ಅನುವಾದಗಳು ಅದನ್ನು 13ನೇ ವಚನದ ಜೊತೆಗೆ ಸೇರಿಸಿ ಅಚ್ಚು ಹಾಕುತ್ತವೆ.