ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೈ-ಫೈ ದೋಷಪತ್ತೆ: ಇತಿಹಾಸ

ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ವೈ-ಫೈ ಸಿಗದಿದ್ದಾಗ ಅನುಭವಿಗಳು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಕಾರ್ಡ್ ಯಂತ್ರಕ್ಕೆ ಕಾಣುತ್ತಿದೆಯೇ? ಡ್ರೈವರ್ ಹತ್ತಿದೆಯೇ? ಫರ್ಮ್‌ವೇರ್ ಇದೆಯೇ? ರೇಡಿಯೊ ಆಫ್ ಆಗಿದೆಯೇ? ಈ ಒಂದೊಂದು ಪ್ರಶ್ನೆಯೂ ಕಳೆದ ಕಾಲು ಶತಮಾನದ ಒಂದೊಂದು ತೊಡಕಿನಿಂದ ಹುಟ್ಟಿಕೊಂಡದ್ದು. ಅವುಗಳಲ್ಲಿ ಹೆಚ್ಚಿನವು ಲಿನಕ್ಸಿನ ಕುಂದಲ್ಲ. ಚಿಪ್ ತಯಾರಕರು ಮಾಹಿತಿ ಬಿಟ್ಟುಕೊಡದ್ದರ ಫಲ.

802.11 ಮಾನಕ ಬಂದದ್ದು 1997ರಲ್ಲಿ, ಸೆಕೆಂಡಿಗೆ 2 ಮೆಗಾಬಿಟ್ ವೇಗದೊಂದಿಗೆ. 1999ರ 802.11ಬಿ ಅದನ್ನು 11ಕ್ಕೆ ಏರಿಸಿತು. ಆಗ ವೈರ್‌ಲೆಸ್ ಎಂದರೆ ಲ್ಯಾಪ್‌ಟಾಪಿನ ಪಕ್ಕಕ್ಕೆ ತುರುಕುವ ಪಿಸಿಎಂಸಿಐಎ ಕಾರ್ಡ್. ಹ್ಯೂಲೆಟ್ ಪ್ಯಾಕರ್ಡ್‌ನ ಜಾನ್ ಟೂರಿಲ್ ರೂಪಿಸಿದ ವೈರ್‌ಲೆಸ್ ಎಕ್ಸ್‌ಟೆನ್ಷನ್ಸ್, ಎಲ್ಲ ಕಾರ್ಡ್‌ಗಳನ್ನೂ ಐಡಬ್ಲ್ಯೂಕಾನ್ಫಿಗ್ ಎಂಬ ಒಂದೇ ಆದೇಶದಿಂದ ನೋಡುವ ಅನುಕೂಲ ಕೊಟ್ಟಿತು. ಕಾರ್ಡ್ ಸರಿಹೋಗದಿದ್ದರೆ ಬೇರೆಯದನ್ನು ಕೊಂಡರಾಗುತ್ತಿತ್ತು.

2003ರ ಮಾರ್ಚ್‌ನಲ್ಲಿ ಇಂಟೆಲ್‌ನ ಸೆಂಟ್ರಿನೊ ಬಂದು ಆ ಆಯ್ಕೆಯನ್ನು ಕಿತ್ತುಕೊಂಡಿತು. ವೈರ್‌ಲೆಸ್ ಲ್ಯಾಪ್‌ಟಾಪಿನ ಒಳಗೇ ಸೇರಿತು, ಆದರೆ ಲಿನಕ್ಸ್‌ಗೆ ಡ್ರೈವರ್ ಇರಲಿಲ್ಲ. ಮುಕ್ತ ಡ್ರೈವರ್ ಐಪಿಡಬ್ಲ್ಯೂ2100 ಬರಲು 2004 ಆಗಬೇಕಾಯಿತು. ಈ ನಡುವೆ ಪಾಂಟಸ್ ಫುಕ್ಸ್ ಆರಂಭಿಸಿ ಮುಂದೆ ಗಿರಿಧರ್ ಪೆಮ್ಮಸಾನಿ ಬೆಳೆಸಿದ ಎನ್‌ಡಿಐಎಸ್‌ವ್ರ್ಯಾಪರ್ ಒಂದು ದಿಟ್ಟ ಹಾದಿ ಹಿಡಿಯಿತು: ವಿಂಡೋಸ್ ಡ್ರೈವರನ್ನೇ ಲಿನಕ್ಸ್ ಕರ್ನಲ್‌ನೊಳಗೆ ಓಡಿಸುವುದು. ಲ್ಯಾಪ್‌ಟಾಪಿನ ಜೊತೆ ಬಂದ ಸಿಡಿಯಿಂದ ಐಎನ್‌ಎಫ್ ಮತ್ತು ಸಿಸ್ ಕಡತಗಳನ್ನು ಹೆಕ್ಕಿ ಅದಕ್ಕೆ ಕೊಟ್ಟರೆ ಅನೇಕ ಸಲ ವೈ-ಫೈ ಹತ್ತಿಯೇ ಬಿಡುತ್ತಿತ್ತು. ಹತ್ತದಿದ್ದರೆ ಮಾತ್ರ ಹುಡುಕಲು ದಾರಿಯೇ ಇರಲಿಲ್ಲ, ಮೂಲ ಕೋಡ್ ಯಾರ ಕೈಯಲ್ಲೂ ಇಲ್ಲವಲ್ಲ. ವಿಂಡೋಸ್ ಡ್ರೈವರ್‌ಗಳು 12 ಕಿಲೋಬೈಟ್ ಸ್ಟ್ಯಾಕ್ ಇದೆಯೆಂದು ನಂಬಿ ಬರೆದವು. 4 ಕಿಲೋಬೈಟ್ ಸ್ಟ್ಯಾಕ್‌ನ ಲಿನಕ್ಸ್ ಕರ್ನಲ್‌ಗಳಲ್ಲಿ ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ಇಷ್ಟಾದರೂ ಒಂದು ತಲೆಮಾರಿನ ಬಳಕೆದಾರರು ಲಿನಕ್ಸ್ ಬಿಟ್ಟು ಹೋಗದಂತೆ ಹಿಡಿದಿಟ್ಟ ಕೀರ್ತಿ ಈ ತಂತ್ರಾಂಶಕ್ಕೆ ಸಲ್ಲಬೇಕು.

ಬ್ರಾಡ್‌ಕಾಮ್ ಚಿಪ್‌ಗಳ ಕಥೆ ಇನ್ನೂ ಕಠಿಣ. ಕಂಪನಿ ದಾಖಲೆ ಕೊಡಲಿಲ್ಲ. ಸ್ವಯಂಸೇವಕರು ಎರಡು ತಂಡಗಳಾದರು. ಒಂದು ತಂಡ ಮುಚ್ಚಿದ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ ನಡೆದುಕೊಳ್ಳುವ ಬಗೆಯನ್ನು ಬರೆದಿಟ್ಟಿತು. ಇನ್ನೊಂದು ತಂಡ ಆ ಮೂಲ ಡ್ರೈವರಿನತ್ತ ಕಣ್ಣೂ ಹಾಯಿಸದೆ, ಬರೆದಿಟ್ಟ ವಿವರಣೆಯಿಂದಷ್ಟೇ ಹೊಸ ಡ್ರೈವರ್ ಕಟ್ಟಿತು; ಕೃತಿಸ್ವಾಮ್ಯದ ಆಪಾದನೆ ಬರಬಾರದೆಂಬ ಎಚ್ಚರ ಅದು. ಹೀಗೆ ಹುಟ್ಟಿದ ಬಿಸಿಎಂ43ಎಕ್ಸ್‌ಎಕ್ಸ್ 2006ರಲ್ಲಿ 2.6.17 ಕರ್ನಲ್ ಸೇರಿತು. ಅದರ ಉತ್ತರಾಧಿಕಾರಿ ಬಿ43.

ಆದರೆ ಡ್ರೈವರ್ ಸಿಕ್ಕರೂ ಫರ್ಮ್‌ವೇರ್ ಇರಲಿಲ್ಲ. ಚಿಪ್‌ನೊಳಗೆ ಓಡುವ ಆ ಪುಟ್ಟ ತಂತ್ರಾಂಶವನ್ನು ಹಂಚಲು ಪರವಾನಗಿ ಇಲ್ಲದ್ದರಿಂದ ಬಳಕೆದಾರರೇ ಕಂಪನಿಯ ಡ್ರೈವರ್ ಕಡತ ಇಳಿಸಿಕೊಂಡು, ಎಫ್‌ಡಬ್ಲ್ಯೂಕಟರ್ ಎಂಬ ಸಾಧನದಿಂದ ಅದನ್ನು ಕತ್ತರಿಸಿ ತೆಗೆಯಬೇಕಿತ್ತು. ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಫರ್ಮ್‌ವೇರ್ ಬೇಕು: ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಆದೇಶ ದೋಷಪತ್ತೆಯ ಮುಖ್ಯ ಸಾಧನವಾದದ್ದು ಈ ಕಾಲದಲ್ಲೇ. ಯಾವ ಫರ್ಮ್‌ವೇರ್ ಕಡತ ಸಿಗಲಿಲ್ಲ ಎಂಬುದನ್ನು ಕರ್ನಲ್ ಅಲ್ಲಿ ಹೆಸರು ಹಿಡಿದು ಹೇಳುತ್ತದೆ. ಬ್ರಾಡ್‌ಕಾಮ್ ತಾನೇ ಮುಕ್ತ ಡ್ರೈವರ್ ಪ್ರಕಟಿಸಿದ್ದು 2010ರ ಸೆಪ್ಟೆಂಬರ್‌ನಲ್ಲಿ. ಅಥೆರೋಸ್ ಎರಡು ವರ್ಷ ಮೊದಲೇ, 2008ರಲ್ಲಿ, ಎಟಿಎಚ್9ಕೆ ಮೂಲಕ ಆ ಹೆಜ್ಜೆ ಇಟ್ಟಿತ್ತು.

ತೆರೆಮರೆಯ ದೊಡ್ಡ ಬದಲಾವಣೆ 2007ರ ಜುಲೈನ 2.6.22 ಕರ್ನಲ್‌ನದು. ಡಿವೈಸ್‌ಸ್ಕೇಪ್ ಕಂಪನಿ ಕೊಟ್ಟ ಕೋಡ್‌ನಿಂದ ಬೆಳೆದ ಮ್ಯಾಕ್80211 ಅದರಲ್ಲಿ ಸೇರಿತು. ಅದುವರೆಗೆ ಹಲವು ಡ್ರೈವರ್‌ಗಳು 802.11ರ ನಿಯಮಗಳನ್ನು ತಮ್ಮತಮ್ಮೊಳಗೇ ಹೊತ್ತು ತಿರುಗುತ್ತಿದ್ದವು, ಒಂದರ ದೋಷ ಇನ್ನೊಂದಕ್ಕಿಲ್ಲ. ಈಗ ಒಂದೆಡೆ ಮಾಡಿದ ದುರಸ್ತಿ ಎಲ್ಲಕ್ಕೂ ದಕ್ಕಿತು. ಐಡಬ್ಲ್ಯೂಕಾನ್ಫಿಗ್‌ನ ಜಾಗಕ್ಕೆ ಕ್ರಮೇಣ ಐಡಬ್ಲ್ಯೂ ಬಂತು.

ಡ್ರೈವರ್ ಸರಿಯಾದ ಮೇಲೆ ತೊಂದರೆ ಬೇರೆಡೆ ಸರಿಯಿತು. ರೇಡಿಯೊ ಆಫ್ ಮಾಡುವ ಆರ್‌ಎಫ್‌ಕಿಲ್‌ನಲ್ಲಿ ಎರಡು ತಡೆಗಳಿವೆ. ಸಾಫ್ಟ್ ತಡೆಯನ್ನು ಆದೇಶ ಕೊಟ್ಟು ಬಿಡಿಸಬಹುದು. ಹಾರ್ಡ್ ತಡೆ ಲ್ಯಾಪ್‌ಟಾಪಿನ ಸ್ವಿಚ್‌ನದು, ಅದಕ್ಕೆ ಯಾವ ಆದೇಶವೂ ನಾಟದು. ಸ್ವಿಚ್ಚೇ ಇಲ್ಲದ ಕೆಲವು ಐಡಿಯಾಪ್ಯಾಡ್ ಮಾದರಿಗಳಲ್ಲಿ ಅದು ಆಫ್ ಆಗಿದೆಯೆಂದು ತಪ್ಪು ವರದಿ ಬರುತ್ತಿತ್ತು. ಅಂಥ ಮಾದರಿಗಳ ಪಟ್ಟಿಯನ್ನೇ ಕರ್ನಲ್‌ನಲ್ಲಿ ಇಡಬೇಕಾಯಿತು.

ಇನ್ನೊಂದು ಮರೆಯ ಕಾರಣ ದೇಶದ ಸಂಕೇತ. ಯಾವ ದೇಶದಲ್ಲಿ ಯಾವ ಚಾನೆಲ್‌ಗೆ ಅನುಮತಿ ಎಂಬ ಪಟ್ಟಿಯನ್ನು ಲಿನಕ್ಸ್ 2008ರಿಂದ ಡ್ರೈವರ್‌ಗಳ ಹೊರಗೆ ಪ್ರತ್ಯೇಕವಾಗಿ ಇಟ್ಟುಕೊಂಡಿದೆ. ಭಾರತ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು 2005ರ ಜನವರಿಯಲ್ಲಿ, 5 ಗಿಗಾಹರ್ಟ್ಸ್‌ನ ವಿಶಾಲ ಭಾಗವನ್ನು 2018ರಲ್ಲಿ ಲೈಸೆನ್ಸ್‌ನಿಂದ ಮುಕ್ತಗೊಳಿಸಿತು. ಇಲ್ಲಿ 13ನೇ ಚಾನೆಲ್ ಬಳಸಬಹುದು, ಅಮೆರಿಕದ ಸಂಕೇತದಡಿ ಆಗದು. ಹಾಗಾಗಿ ಮನೆಯ ರೂಟರ್ 13ರಲ್ಲಿದ್ದು ಲ್ಯಾಪ್‌ಟಾಪ್ ಅಮೆರಿಕದ ಸಂಕೇತ ಹೊತ್ತಿದ್ದರೆ, ಮೊಬೈಲಿಗೆ ಕಾಣುವ ವೈ-ಫೈ ಲಿನಕ್ಸ್‌ಗೆ ಕಾಣುವುದೇ ಇಲ್ಲ. ರೂಟರನ್ನು 1, 6 ಅಥವಾ 11ಕ್ಕೆ ಬದಲಿಸುವುದು ಸುಲಭದ ಪರಿಹಾರ.

ಫರ್ಮ್‌ವೇರ್ ಪ್ರಶ್ನೆ ತತ್ತ್ವದ ಜಗಳವೂ ಆಗಿತ್ತು. ಡೆಬಿಯನ್ 2011ರಲ್ಲಿ ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಕರ್ನಲ್‌ನಿಂದ ಹೊರಗಿಟ್ಟಿತು. 2022ರಲ್ಲಿ ಸದಸ್ಯರು ಮತ ಹಾಕಿ, ಅನುಸ್ಥಾಪನಾ ಚಿತ್ರಿಕೆಯಲ್ಲೇ ಅದನ್ನು ಕೊಡಲು ಒಪ್ಪಿದರು. 2023ರ ಜೂನ್‌ನ ಡೆಬಿಯನ್ 12 ಹಾಗೆಯೇ ಬಂತು. ತತ್ತ್ವದಲ್ಲಿ ಇದು ಹಿನ್ನಡೆಯೆಂದು ನೊಂದವರಿದ್ದಾರೆ. ಹೊಸಬರಿಗೆ ಬಾಗಿಲು ತೆರೆದ ನಿರ್ಧಾರವೆಂಬುದೂ ಅಷ್ಟೇ ನಿಜ.

ಇಂದಿಗೂ ಕಾಡುವುದು ರಿಯಲ್‌ಟೆಕ್ ಚಿಪ್‌ನ ಅಗ್ಗದ ಯುಎಸ್‌ಬಿ ಡಾಂಗಲ್‌ಗಳು. ಕರ್ನಲ್‌ನ ಹೊರಗಿನ ಡ್ರೈವರ್ ಹಾಕಿಕೊಂಡಿದ್ದರೆ ಕರ್ನಲ್ ಅಪ್‌ಡೇಟ್ ಆದ ಮರುಕ್ಷಣ ವೈ-ಫೈ ಹೋಗಬಹುದು. 2005ರಲ್ಲಿ ಬ್ರಾಡ್‌ಕಾಮ್ ಡ್ರೈವರಿನ ಕೆಲಸಕ್ಕೆ ಕೈಹಾಕಿದ ಲ್ಯಾರಿ ಫಿಂಗರ್ 2024ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೂ ಇಂಥ ಡ್ರೈವರ್‌ಗಳನ್ನು ಸಲಹಿದರು. 2023ರ ಫೆಬ್ರವರಿಯ 6.2 ಕರ್ನಲ್‌ನಲ್ಲಿ ಆರ್‌ಟಿಡಬ್ಲ್ಯೂ88 ಡ್ರೈವರಿಗೆ ಯುಎಸ್‌ಬಿ ಬೆಂಬಲ ಬಂದ ಮೇಲೆ ಇವುಗಳಲ್ಲಿ ಹಲವಕ್ಕೆ ಹೊರಗಿನ ಡ್ರೈವರ್ ಬೇಕಾಗಿಲ್ಲ. ಹಳೆಯದನ್ನು ತೆಗೆದುಹಾಕದೆ ಉಳಿಸಿಕೊಂಡರೆ ಮಾತ್ರ ಎರಡೂ ಒಂದೇ ಚಿಪ್‌ಗೆ ಕೈಹಾಕುತ್ತವೆ.